ಹಡಿಲು ಬಿದ್ದ ಗದ್ದೆಗೆ ವಕೀಲರಿಲ್ಲ

ನಮ್ಮ ಬೈಲಿನಲ್ಲಿ ಕೆಂಪು ಬಣ್ಣ ಬಳಿದ ಗೂಟಗಳನ್ನು ಊರಿ ಐದು ತಿಂಗಳಾಯಿತು. ಹೆದ್ದಾರಿಯಿಂದ ಒಳಗಿನ ಊರುಗಳಿಗೆ ಹೊಸ ಸಂಪರ್ಕ ರಸ್ತೆ ಬರುತ್ತದಂತೆ, ಅದು ಬೈಲಿನ ನಟ್ಟನಡುವೆ ಹೋಗುತ್ತದಂತೆ ಎಂದು ಮೊದಲು ಸುದ್ದಿ ಬಂತು. ಆಮೇಲೆ ಗೂಟ ಬಂತು. ಆಮೇಲೆ ಶಾಲೆಯ ಜಗಲಿಯಲ್ಲಿ ಒಂದು ಸಭೆ ನಡೆಯಿತು. ಊರು ಮಂಜೇಶ್ವರ ತಾಲೂಕಿನದ್ದು. ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಕಾಸರಗೋಡಿನ ಯಾವ ಊರಿನ ಕತೆಯೂ ಆಗಬಹುದು.

ಆ ಸಭೆಯಲ್ಲಿ ಅಳತೆಗೆ ಬಂದಿದ್ದ ಒಬ್ಬ ಹುಡುಗ ಸಹಜವಾಗಿಯೇ ಒಂದು ಪ್ರಶ್ನೆ ಕೇಳಿದ: "ಇಲ್ಲಿ ಈಗ ಬೇಸಾಯ ಮಾಡುತ್ತಿರುವವರು ಯಾರು? ಕೈ ಎತ್ತಿ."

ಬೈಲಿನಲ್ಲಿ ಜಾಗ ಇರುವ ಖಾತೆದಾರರು 28 ಮಂದಿ. ಎದ್ದದ್ದು ಮೂರು ಕೈ. ಆ 28ರಲ್ಲಿ ನಮ್ಮ ಬ್ಯಾರಿ ಮನೆಯವರು 11 ಮಂದಿ. ನಮ್ಮವರ ಒಂದು ಕೈಯೂ ಏಳಲಿಲ್ಲ. ಹುಡುಗ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವನು ಬರೆದದ್ದು ಏನಿರಬಹುದು ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಏಳದ ಕೈಗಳ ಬಗ್ಗೆ. ಅದರಲ್ಲಿ ನನ್ನದೂ ಒಂದು.

ನಮ್ಮ ಪಾಲಿನ ಗದ್ದೆ 60 ಸೆಂಟ್ಸು. ನನ್ನ ಹೆಸರು, ತಮ್ಮನ ಹೆಸರು ಎರಡೂ ಖಾತೆಯಲ್ಲಿದೆ. ಅಜ್ಜ ಇದನ್ನು ಚಾಲಗೇಣಿಗೆ ಮಾಡುತ್ತಿದ್ದರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಧನಿಗಳ ಮನೆಗೆ ಹೊತ್ತು ಹಾಕಬೇಕಿತ್ತು. ಮಳೆ ಕೈಕೊಟ್ಟ ವರ್ಷವೂ ಗೇಣಿ ಕೈಬಿಡುತ್ತಿರಲಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಯಾಗಿ ಗೇಣಿ ಪದ್ಧತಿಯೇ ಹೋಯಿತು. ಅಜ್ಜ ಉತ್ತ ನೆಲ ಅಜ್ಜನದ್ದಾಯಿತು. ನೆಲ ಯಾಕೆ ಅವರದ್ದಾಯಿತು ಎಂದರೆ ಅವರು ಅದನ್ನು ಉಳುತ್ತಿದ್ದರು, ಅಷ್ಟೇ. ಬೇರೆ ಯಾವ ದಾಖಲೆಯೂ ಅವರ ಹತ್ತಿರ ಇರಲಿಲ್ಲ. ಉತ್ತದ್ದೇ ಅವರ ದಾಖಲೆ.

ಬ್ಯಾರಿಯಲ್ಲೂ ತುಳುವಿನಲ್ಲೂ ಗದ್ದೆಗೆ ನಾವು ಕಂಡ ಎಂದೇ ಹೇಳುವುದು. ನಮ್ಮ ಕಂಡದಲ್ಲಿ ಏಣೆಲು, ಸುಗ್ಗಿ ಎರಡು ಬೆಳೆ ಬರುತ್ತಿತ್ತು. ತೋಡಿಗೆ ಕಟ್ಟ ಕಟ್ಟಿದ ವರ್ಷ ಕೊಳಕೆಯೂ ಆಗುತ್ತಿತ್ತು. ಉಪ್ಪ ಮುಂಬಯಿಗೆ ಹೋದರು, ತಮ್ಮ ದುಬೈಗೆ ಹೋದ, ನಾನು ರಸ್ತೆ ಬದಿಯಲ್ಲಿ ಜೀನಸು ಅಂಗಡಿ ಹಾಕಿದೆ. ಮೊದಲು ಕೊಳಕೆ ನಿಂತಿತು, ಆಮೇಲೆ ಸುಗ್ಗಿ, ಕೊನೆಗೆ ಏಣೆಲು. ಯಾರೂ ತೀರ್ಮಾನ ಮಾಡಿ ಬಿಟ್ಟದ್ದಲ್ಲ. ಒಂದು ವರ್ಷ ಜನ ಸಿಗಲಿಲ್ಲ, ಮರುವರ್ಷ ಹಂದಿ ಬಂತು, ಮೂರನೇ ವರ್ಷ ಕೇಳುವವರೇ ಇರಲಿಲ್ಲ. ಹದಿನಾಲ್ಕು ವರ್ಷ ಗದ್ದೆ ಹಡಿಲು ಬಿದ್ದಿತ್ತು. ನಮ್ಮ ಮನೆಯ ಪತ್ತಿರ್ ಅಂಗಡಿಯ ಅಕ್ಕಿಯದ್ದೇ ಆಯಿತು. ಆ ಅಂಗಡಿ ನನ್ನದೇ ಆದ ಕಾರಣ ನನಗೆ ಅದರಲ್ಲಿ ಬೇಸರವೂ ಆಗಲಿಲ್ಲ.

ಇದು ನಮ್ಮ ಒಂದು ಮನೆಯ ಕತೆಯಲ್ಲ. 1970ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಗದ್ದೆ ಇತ್ತು. ಈಗ ಇರುವುದು ಸುಮಾರು 2 ಲಕ್ಷ ಹೆಕ್ಟೇರ್.

ರಸ್ತೆ ಬೇಡ ಎಂದು ಹೇಳುವವ ನಾನಲ್ಲ. ರಸ್ತೆ ಮುಚ್ಚಿದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಅಡ್ಡರಸ್ತೆಗಳಿಗೂ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ದಾರಿ ಇಲ್ಲದೆ ಒದ್ದಾಡಿದರು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಒಳಗಿನ ಊರುಗಳ ಜನ ಇವತ್ತಿಗೂ ಹೆರಿಗೆ ನೋವು ಬಂದಾಗ ಆ ಸಪೂರ ರಸ್ತೆಯಲ್ಲಿ ಎದುರಿನ ಬಸ್ಸಿಗೆ ಜಾಗ ಬಿಡುತ್ತಾ ಬರಬೇಕು. ಅವರಿಗೆ ಒಳ್ಳೆಯ ರಸ್ತೆ ಬೇಕು. ಅದನ್ನು ಬೇಡ ಎನ್ನುವ ಹಕ್ಕು ನನಗಿಲ್ಲ.

ನನ್ನ ತಮ್ಮನ ಮಾತನ್ನೂ ಅಡಗಿಸಿಡುವುದು ನ್ಯಾಯವಲ್ಲ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟು: "ಕಾಕ, ಆ ಗದ್ದೆಯಲ್ಲಿ ಮನೆ ಕಟ್ಟಲಿಕ್ಕೆ ಬಿಡುವುದಿಲ್ಲ, ತೆಂಗು ಇಡಲಿಕ್ಕೆ ಬಿಡುವುದಿಲ್ಲ, ಮಾರಿದರೆ ಕೇಳುವವರಿಲ್ಲ. ನಮ್ಮ ಜೀವಮಾನದಲ್ಲಿ ಅದಕ್ಕೆ ಒಂದು ಬೆಲೆ ಬರುವುದು ರಸ್ತೆ ಬಂದರೆ ಮಾತ್ರ. ಮಗಳ ಮದುವೆಗೆ ಬಂತು."

ಅವನು ಸುಳ್ಳು ಹೇಳುತ್ತಿಲ್ಲ. 2008ರಲ್ಲಿ ಬಂದ ಕೇರಳದ ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣಾ ಕಾನೂನು ಗದ್ದೆಯನ್ನು ತುಂಬಿಸಿ ಬೇರೆ ಕೆಲಸಕ್ಕೆ ಬಳಸುವುದನ್ನು ತಡೆಯುತ್ತದೆ. ಒಳ್ಳೆಯ ಕಾನೂನು. ಆದರೆ ಅದರಿಂದ ಗದ್ದೆಯ ಬೆಲೆ ಪಕ್ಕದ ಒಣ ಜಾಗದ ಬೆಲೆಗೆ ಹೋಲಿಸಿದರೆ ಏನೂ ಅಲ್ಲ ಎಂಬಂತಾಯಿತು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದವರಿಗೆ ಸರಕಾರ 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಘೋಷಿಸಿತು. ಒಂದು ಹೆಕ್ಟೇರಿಗೆ 247 ಸೆಂಟ್ಸು. ಆ ಲೆಕ್ಕದಲ್ಲಿ ನಮ್ಮ 60 ಸೆಂಟ್ಸಿಗೆ ವರ್ಷಕ್ಕೆ 500 ರೂಪಾಯಿಯೂ ಆಗುತ್ತಿರಲಿಲ್ಲ. ಅದೇ ಜಾಗ ರಸ್ತೆಗೆ ಹೋದರೆ, 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ನಿಗದಿಯಾದ ಬೆಲೆಯ ಮೇಲೆ ಅಷ್ಟೇ ಮೊತ್ತ ಇನ್ನೊಂದು ಸಲ ಸಿಗುತ್ತದೆ. ಒಂದು ಕಡೆ ಕೆಲವು ನೂರು ರೂಪಾಯಿ, ಇನ್ನೊಂದು ಕಡೆ ಮಗಳ ಮದುವೆ. ಗದ್ದೆಗೆ ಇರುವ ಒಬ್ಬನೇ ಗಿರಾಕಿ ರಸ್ತೆ ಎಂದಾದರೆ ಮಾರುವವನನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ನಾನು ಯಾಕೆ ವಿರೋಧ ಮಾಡುತ್ತಿದ್ದೇನೆ?

ಉಮ್ಮ ಒಂದು ಮಾತು ಕೇಳಿದರು. "ಬೈಲಿನಲ್ಲಿ ಮಣ್ಣು ಹಾಕಿದರೆ ನಮ್ಮ ಬಾವಿಗೆ ನೀರು ಎಲ್ಲಿಂದ ಬರುತ್ತದೆ?" ಎಂದು. ಉಮ್ಮ ಶಾಲೆಗೆ ಹೋದವರಲ್ಲ. ಆದರೆ ಸುಗ್ಗಿ ಬೆಳೆಯುತ್ತಿದ್ದ ಕಾಲದಲ್ಲಿ ಎಪ್ರಿಲ್ ತಿಂಗಳಲ್ಲೂ ಕೊಡಪಾನ ಎಷ್ಟು ಹಗ್ಗಕ್ಕೆ ಮುಳುಗುತ್ತಿತ್ತು, ಈಗ ಎಷ್ಟು ಹಗ್ಗ ಬೇಕು ಎಂಬ ಲೆಕ್ಕ ಅವರಲ್ಲಿದೆ.

ನಮ್ಮ ಕಡೆಯ ನೆಲದ ಜಾತಕ ಗೊತ್ತಿರುವವರಿಗೆ ಇದು ಹೊಸದಲ್ಲ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆದರೆ ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಬೈಲು, ಬೈಲಿನ ನಡುವೆ ತೋಡು, ತೋಡಿನಾಚೆ ಹೊಳೆ. ಗುಡ್ಡಕ್ಕೆ ಬಿದ್ದ ನೀರು ಓಡಿ ಸಮುದ್ರ ಸೇರಬಾರದು ಎಂದು ಹಿರಿಯರು ಬುಡದಲ್ಲಿ ಮದಕ ಮಾಡಿದರು, ಗುಡ್ಡಕ್ಕೆ ಸುರಂಗ ಕೊರೆದರು, ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಹಾಕಿದರು. ಈ ಎಲ್ಲದರ ನಡುವೆ ನೀರು ಅತಿ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಗದ್ದೆಯಲ್ಲಿ. ಹುಣಿ ಕಟ್ಟಿದ ಒಂದೊಂದು ಕಂಡವೂ ತಿಂಗಳುಗಟ್ಟಲೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಇಂಗಿಸುತ್ತಿತ್ತು. ಅಕ್ಕಿ ಮಾಲಿಕನ ಮನೆಗೆ ಹೋಗುತ್ತಿತ್ತು, ನೀರು ಎಲ್ಲರ ಬಾವಿಗೆ ಹೋಗುತ್ತಿತ್ತು. ಗದ್ದೆಯ ಖಾತೆ 28 ಮಂದಿಯ ಹೆಸರಲ್ಲಿದೆ. ಆದರೆ ಅದರ ನೀರು ಕುಡಿಯುವ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅವರಲ್ಲಿ ಅನೇಕರಿಗೆ ಬೈಲಿನಲ್ಲಿ ಒಂದು ಸೆಂಟ್ಸು ಜಾಗವೂ ಇಲ್ಲ. ಪರಿಹಾರದ ಚೆಕ್ಕು ಅವರಿಗೆ ಯಾವತ್ತೂ ಬರುವುದಿಲ್ಲ.

ಬೈಲಿನ ಮಧ್ಯೆ ಆಳೆತ್ತರ ಮಣ್ಣು ಏರಿಸಿ ರಸ್ತೆ ಮಾಡಿದರೆ ಅದು ರಸ್ತೆ ಮಾತ್ರವಲ್ಲ, ಗೋಡೆ. ಮಳೆಗಾಲದಲ್ಲಿ ಗುಡ್ಡದ ಕಡೆಯ ಮನೆಗಳಿಗೆ ನೀರು ನುಗ್ಗುತ್ತದೆ, ಬೇಸಗೆಯಲ್ಲಿ ಹೊಳೆಯ ಕಡೆಯ ಬಾವಿಗಳು ಒಣಗುತ್ತವೆ. ಎರಡು ಮೋರಿ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಮೋರಿ ನೀರನ್ನು ದಾಟಿಸುತ್ತದೆ, ನಿಲ್ಲಿಸುವುದಿಲ್ಲ.

ಗದ್ದೆಯ ಮೇಲೆ ಮಣ್ಣು ಹಾಕಿದ ರಸ್ತೆಗೂ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ಮೇಲೆ ಮಣ್ಣು ಏರಿಸಿ ಕಟ್ಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66ರ ಭಾಗ ಕುಸಿದುಬಿತ್ತು. ಕೆಳಗಿನ ಮೆತ್ತಗಿನ ನೆಲ ಮೇಲಿನ ಭಾರ ತಡೆಯಲಿಲ್ಲ. ಆಮೇಲೆ ಅಲ್ಲಿ ಕಂಬಗಳ ಮೇಲೆ ಸೇತುವೆ ಮಾಡಬೇಕು ಎಂದು ತೀರ್ಮಾನವಾಯಿತು. ಆ ಊರಿನವರು ಮೊದಲಿನಿಂದ ಕೇಳುತ್ತಿದ್ದದ್ದೂ ಅದನ್ನೇ.

ಇನ್ನು ನಮಗೆ ಹತ್ತಿರದ ಒಂದು ಹೋರಾಟದ ಮಾತು. ಕಣ್ಣೂರು ಜಿಲ್ಲೆಯ ತಳಿಪರಂಬದ ಪಕ್ಕ ಕೀಳಾಟ್ಟೂರು ಎಂಬ ಊರಿದೆ. ಇದೇ ಹೆದ್ದಾರಿಯ ಬೈಪಾಸು ಅಲ್ಲಿನ ಬೈಲಿನ ಮೇಲೆ ಹೋಗುತ್ತದೆ ಎಂದಾದಾಗ 2017ರಲ್ಲಿ ಊರವರು ಎದ್ದರು. ತಮ್ಮನ್ನು "ವಯಲ್‌ಕ್ಕಿಳಿಗಳ್" ಎಂದು ಕರೆದುಕೊಂಡರು, ಅಂದರೆ ಗದ್ದೆಯ ಹಕ್ಕಿಗಳು. ಗದ್ದೆಯಲ್ಲೇ ಚಪ್ಪರ ಹಾಕಿ ಕೂತರು, ಉಪವಾಸ ಮಾಡಿದರು. ಅವರಲ್ಲಿ ಬಹಳ ಮಂದಿ ಆಗ ಆಡಳಿತದಲ್ಲಿದ್ದ ಪಕ್ಷದ ಮನೆಯವರೇ. ಆದರೂ ಪಕ್ಷ ಅವರಲ್ಲಿ 11 ಮಂದಿಯನ್ನು ಹೊರಗೆ ಹಾಕಿತು. 2018ರ ಮಾರ್ಚಿನಲ್ಲಿ ಪೊಲೀಸರು ಅವರನ್ನು ಎಬ್ಬಿಸಿ ಕರೆದುಕೊಂಡು ಹೋದ ದಿನ ಅವರ ಚಪ್ಪರಕ್ಕೆ ಬೆಂಕಿ ಬಿತ್ತು. ಕೇರಳದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಹೋದರು. ದೆಹಲಿಯ ಪರಿಸರ ಸಚಿವಾಲಯ ಕಳಿಸಿದ ತಂಡವೂ ಬಂದು ನೋಡಿತು. ಆದರೂ ಅದೇ ವರ್ಷದ ಕೊನೆಗೆ ಅಂತಿಮ ಅಧಿಸೂಚನೆ ಬಂತು. ರಸ್ತೆ ಬೈಲಿನ ಮೇಲೆಯೇ ಹೋಯಿತು.

ಕೀಳಾಟ್ಟೂರಿನವರು ಸೋತದ್ದು ಬೆಂಕಿಯಿಂದ ಎಂದು ನಾನು ಬಹಳ ಸಮಯ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ರಸ್ತೆ ಬೇಕು ಎಂದವರ ಕೈಯಲ್ಲಿ ಒಂದು ಬಲವಾದ ಕಾಗದ ಇತ್ತು: ಆ ಜಾಗದ ಬಹುಪಾಲು ಮಾಲಿಕರು ಬರೆದುಕೊಟ್ಟ ಒಪ್ಪಿಗೆ ಪತ್ರ. ಚಪ್ಪರದಲ್ಲಿ ಕೂತವರಿಗಿಂತ ಖಾತೆಯಲ್ಲಿ ಹೆಸರಿದ್ದವರ ಸಹಿಗೆ ತೂಕ ಹೆಚ್ಚಾಯಿತು. ಅದೇ ಕಾಗದ ನಮ್ಮ ಊರಿನಲ್ಲೂ ತಯಾರಾಗುತ್ತಿದೆ. ಅದಕ್ಕೆ ಬೇಕಾದ ಸಹಿಗಳಲ್ಲಿ ಅರ್ಧದಷ್ಟು ದುಬೈ, ಶಾರ್ಜಾ, ದಮಾಮ್, ಮಸ್ಕತ್‌ನಲ್ಲಿವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಕಿಸೆಯಲ್ಲೇ ಆ ಪೆನ್ನು ಇದೆ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಗೂಟ ಬಂದ ದಿನ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಹೊಸ ರಸ್ತೆಗೆ ಬೇರೆ ದಾರಿಯೇ ಇಲ್ಲ ಎಂದಲ್ಲ. ಈಗಿರುವ ಹಳೆಯ ರಸ್ತೆಯನ್ನೇ ಅಗಲ ಮಾಡಬಹುದು. ಹಾಗೆ ಮಾಡಿದರೆ ಎರಡೂ ಬದಿಯ ಅಂಗಡಿಗಳ ಮುಂಭಾಗ ಹೋಗುತ್ತದೆ. ನನ್ನ ಅಂಗಡಿಯ ಜಗಲಿ, ಅಕ್ಕಿ ಮೂಟೆ ಇಡುವ ಕೋಣೆ ಎರಡೂ ಹೋಗುತ್ತದೆ. ಗೂಟ ಬೈಲಿನಲ್ಲಿ ಬಿತ್ತು ಎಂದರೆ ನನ್ನ ಅಂಗಡಿ ಉಳಿಯಿತು. ಗದ್ದೆಯ ಪರಿಹಾರವೂ ಬರುತ್ತದೆ. ಎರಡು ಲಾಭ. ಸಭೆಯಲ್ಲಿ ಕೈ ಎತ್ತದೆ ಕೂತವನ ತಲೆಯಲ್ಲಿ ಈ ಲೆಕ್ಕ ನಡೆದಿತ್ತು.

ರಸ್ತೆ ಯಾಕೆ ಯಾವಾಗಲೂ ಗದ್ದೆಯನ್ನೇ ಹುಡುಕಿಕೊಂಡು ಬರುತ್ತದೆ ಎಂದು ನನಗೆ ಅವತ್ತು ಅರ್ಥವಾಯಿತು. ಅಂಗಡಿಗೆ ಬಾಯಿ ಇದೆ, ವ್ಯಾಪಾರಿಗಳ ಸಂಘ ಇದೆ. ಮನೆ ಒಡೆದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮಸೀದಿ, ದೇವಸ್ಥಾನದ ಗೋಡೆ ಮುಟ್ಟಿದರೆ ಊರೇ ನಿಲ್ಲುತ್ತದೆ. ಹಡಿಲು ಗದ್ದೆಯ ಪರವಾಗಿ ಮಾತಾಡುವವರು ಯಾರು? ಅದಕ್ಕೆ ವಕೀಲರಿಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವವನಿಗೆ ಅದು ಖಾಲಿ ಜಾಗ. ಖಾಲಿ ಮಾಡಿದವರು ನಾವು.

ಕಾನೂನು ನೋಡಿಕೊಳ್ಳುತ್ತದೆ ಎಂದು ಸುಮ್ಮನೆ ಕೂರುವ ಹಾಗಿಲ್ಲ. 2013ರ ಭೂಸ್ವಾಧೀನ ಕಾನೂನಿನಲ್ಲಿ ಎರಡು ಬೆಳೆ ಬರುವ ನೀರಾವರಿ ಗದ್ದೆಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕು ಎಂದಿದೆ. ಓದಿ ಸಂತೋಷಪಟ್ಟೆ. ಅದರ ಕೆಳಗೇ ಇನ್ನೊಂದು ಸಾಲು ಇದೆ: ರೈಲು, ಹೆದ್ದಾರಿ, ದೊಡ್ಡ ಜಿಲ್ಲಾ ರಸ್ತೆ, ಕಾಲುವೆ, ವಿದ್ಯುತ್ ತಂತಿ ಇಂಥ ಉದ್ದುದ್ದ ಹೋಗುವ ಯೋಜನೆಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. 2008ರ ಕೇರಳದ ಕಾನೂನಿನಲ್ಲೂ ಸಾರ್ವಜನಿಕ ಉದ್ದೇಶಕ್ಕೆ ಸರಕಾರ ವಿನಾಯಿತಿ ಕೊಡಬಹುದು. ಬಾಗಿಲಿಗೆ ಬೀಗ ಇದೆ, ಆದರೆ ರಸ್ತೆಯ ಕೈಯಲ್ಲಿ ಬೀಗದ ಕೈ ಇದೆ.

ಆದರೂ ನಮಗೆ ಕೆಲವು ಅವಕಾಶಗಳಿವೆ. ಅವನ್ನು ಎಲ್ಲರೂ ತಿಳಿದಿರಬೇಕು.

ರಾಷ್ಟ್ರೀಯ ಹೆದ್ದಾರಿಯಾದರೆ ಮೊದಲ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನದೊಳಗೆ ಆಕ್ಷೇಪ ಬರೆದುಕೊಡಬೇಕು. ಬೇರೆ ರಸ್ತೆಯಾಗಿ 2013ರ ಕಾನೂನಿನಡಿ ಬಂದರೆ 60 ದಿನ ಇದೆ. ಅದಕ್ಕೂ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ, ಊರಿನಲ್ಲೇ ಸಾರ್ವಜನಿಕ ವಿಚಾರಣೆ ನಡೆಯಬೇಕು. ಅಲ್ಲಿ ಆಡಿದ ಮಾತು ದಾಖಲಾಗಬೇಕು. ಜಗಲಿಯಲ್ಲಿ ಕೂತು ಆಡಿದ ಸಿಟ್ಟಿನ ಮಾತು ಎಲ್ಲೂ ದಾಖಲಾಗುವುದಿಲ್ಲ. ಪ್ರತಿ ಪಂಚಾಯತಿನಲ್ಲೂ ಗದ್ದೆ ಕಾಯುವ ಸ್ಥಳೀಯ ಸಮಿತಿ ಇದೆ. ಪಂಚಾಯತು ಅಧ್ಯಕ್ಷರೇ ಅದರ ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ಜೊತೆಗೆ ರೈತರ ಪ್ರತಿನಿಧಿಗಳು. ನಿಮ್ಮ ಗದ್ದೆ ಆ ಸಮಿತಿಯ ಡಾಟಾ ಬ್ಯಾಂಕಿನಲ್ಲಿ ಗದ್ದೆ ಎಂದೇ ಇದೆಯೇ ಎಂದು ಇವತ್ತೇ ಹೋಗಿ ನೋಡಿ.

ಭಾಷೆಗೆ ಹೆದರಿ ಹಿಂದೆ ನಿಲ್ಲಬೇಡಿ. ನಮ್ಮ ಊರಿಗೆ ಬಂದ ಕಾಗದ ಮಲಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಪ್ರಾಯದವರು ಅದನ್ನು ಹಿಡಿದುಕೊಂಡು ಮಕ್ಕಳ ಹತ್ತಿರ ಓದಿಸಿದೆವು. ಆದರೆ ದೂರು ಬರೆಯುವಾಗ ಕನ್ನಡದಲ್ಲಿ ಬರೆದರೂ ಅದು ದೂರೇ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನಮ್ಮ ಉಮ್ಮಂದಿರು ಹೇಳಿದ್ದನ್ನು ಮೊಮ್ಮಕ್ಕಳು ಬರೆಯಲಿ, ಉಮ್ಮಂದಿರು ಸಹಿಯೋ ಹೆಬ್ಬೆಟ್ಟೋ ಹಾಕಲಿ. ಬಾವಿಯ ಲೆಕ್ಕ ಅವರಿಗೇ ಗೊತ್ತಿರುವುದು.

ಇಷ್ಟೆಲ್ಲ ಮಾಡಿದರೂ ಆ ಹುಡುಗನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಹದಿನಾಲ್ಕು ವರ್ಷ ಹಡಿಲು ಬಿಟ್ಟು, ಗೂಟ ಬಂದ ಮೇಲೆ "ಅಯ್ಯೋ ನಮ್ಮ ಹಸುರು" ಎಂದರೆ ಯಾರು ನಂಬುತ್ತಾರೆ? ಸಭೆಯಲ್ಲಿ ಕೈ ಎತ್ತಿದ ಮೂವರ ಎದುರು ನಾನು ಯಾವ ಮುಖ ಇಟ್ಟುಕೊಂಡು ಪರಿಸರದ ಭಾಷಣ ಮಾಡಲಿ? ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಊರಿನಲ್ಲಿ ರಸ್ತೆಯ ವಿರುದ್ಧ ಮೊದಲ ಆಕ್ಷೇಪ ಪತ್ರ ನೇಜಿಯಾಗಬೇಕು. ಬೋರ್ಡು, ಮೆರವಣಿಗೆ, ಕೋರ್ಟು ಎಲ್ಲ ಆಮೇಲೆ.

ಅದಕ್ಕೆ ಈ ಸಲ ಪತ್ತನಾಜೆ ಕಳೆದ ಮೇಲೆ ಗದ್ದೆಗೆ ಟಿಲ್ಲರ್ ಇಳಿಸಿದೆ. ನಾನು ಬೇಸಾಯಗಾರನೆಂದು ಹೇಳಿಕೊಳ್ಳುವುದಿಲ್ಲ. ಕೆಲಸ ಮಾಡಿದ್ದು ಊರಿನ ಕುಟುಂಬಶ್ರೀ ಗುಂಪಿನ ಐದು ಮಂದಿ ಹೆಂಗಸರು. ಅವರಲ್ಲಿ ಇಬ್ಬರು ಹಿಂದೆ ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಅಕ್ಕಂದಿರ ಸೊಸೆಯಂದಿರು. ಬೆಳೆಯಲ್ಲಿ ಅವರಿಗೆ ದೊಡ್ಡ ಪಾಲು, ನಮಗೆ ಮನೆಯ ಖರ್ಚಿಗೆ ಸ್ವಲ್ಪ. ಕಾಡುಹಂದಿಗೆ ಹಳೆ ಸೀರೆ ಕಟ್ಟಿದ್ದೇವೆ, ನವಿಲಿಗೆ ಏನು ಮಾಡುವುದೆಂದು ಗೊತ್ತಾಗಿಲ್ಲ. ಲೆಕ್ಕ ಹಾಕಿದರೆ ಈ ವರ್ಷ ನಷ್ಟವೇ. ಆ ನಷ್ಟವನ್ನು ನಾನು ವಕೀಲರ ಫೀಸು ಎಂದು ಬರೆದಿಟ್ಟಿದ್ದೇನೆ. ಬೈಲಿನಲ್ಲಿ ಇನ್ನೂ ನಾಲ್ಕು ಮನೆಯವರು ಅದೇ ಗುಂಪಿಗೆ ಗದ್ದೆ ಕೊಟ್ಟರು. ಈಗ ಎಂಟು ಕೈ. 28ರಲ್ಲಿ ಎಂಟು.

ಹಳೆಯ ರಸ್ತೆ ಅಗಲವಾಗಲಿ ಎಂದು ನಾನೇ ಬರೆದುಕೊಟ್ಟಿದ್ದೇನೆ, ನನ್ನ ಜಗಲಿ ಹೋಗುತ್ತದೆ ಎಂಬುದನ್ನೂ ಸೇರಿಸಿ. ಪಕ್ಕದ ಅಂಗಡಿಯವರಲ್ಲಿ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರ ಸಿಟ್ಟು ನ್ಯಾಯವೇ. ಜಾಗ ಕಳೆದುಕೊಳ್ಳುವ ಅಂಗಡಿಯವರಿಗೂ ಬಾಡಿಗೆಗೆ ಇರುವವರಿಗೂ ಸರಿಯಾದ ಪರಿಹಾರ ಸಿಗಬೇಕೆಂದು ಅದೇ ಮನವಿಯಲ್ಲಿ ಕೇಳಿದ್ದೇವೆ. ಗದ್ದೆ ಉಳಿಸಿ ಎನ್ನುವವರು ರಸ್ತೆ ಎಲ್ಲಿಂದ ಹೋಗಬೇಕು, ಅದರ ಭಾರ ಯಾರು ಹೊರಬೇಕು ಎಂದೂ ಹೇಳಬೇಕು. ಇಲ್ಲದಿದ್ದರೆ ನಮ್ಮ ಹೋರಾಟ ಗೂಟವನ್ನು ಬೇರೆಯವರ ಅಂಗಳಕ್ಕೆ ದೂಡುವುದಷ್ಟೇ ಆಗುತ್ತದೆ.

ಹೊರದೇಶದಲ್ಲಿರುವ ನಮ್ಮವರಲ್ಲಿ ಒಂದು ಮಾತು. ಒಪ್ಪಿಗೆ ಪತ್ರವೋ ಮುಕ್ತಾರುನಾಮೆಯೋ ವಾಟ್ಸಾಪಿನಲ್ಲಿ ಬಂದರೆ ಅದೇ ದಿನ ಸಹಿ ಮಾಡಬೇಡಿ. ಮೊದಲು ಮನೆಗೆ ಫೋನು ಮಾಡಿ. ಗದ್ದೆಯ ಬೆಲೆ ಎಷ್ಟು ಎಂದು ಕೇಳುವ ಮೊದಲು ಬಾವಿಯಲ್ಲಿ ನೀರು ಎಷ್ಟಿದೆ ಎಂದು ಕೇಳಿ. ನಿಮ್ಮ ಗದ್ದೆ ಹಡಿಲು ಬಿದ್ದಿದ್ದರೆ ಊರಿನ ಗುಂಪಿಗೆ ಬೆಳೆಯಲು ಕೊಡಿ. ಗೇಣಿ ಕೇಳಬೇಡಿ. ನಮ್ಮ ಅಜ್ಜಂದಿರಿಗೆ ಗೇಣಿ ಅಂದರೆ ಏನೆಂದು ಗೊತ್ತಿತ್ತು.

ತಮ್ಮ ಇನ್ನೂ ಒಪ್ಪಿಲ್ಲ. ಅವನ ಮಗಳ ಮದುವೆಯ ಮಾತು ನಿಜವಾದ ಮಾತು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅಂಗಡಿಯ ಲಾಭದಲ್ಲಿ ಒಂದು ಪಾಲು ಕೊಡುತ್ತೇನೆ ಎಂದಿದ್ದೇನೆ, ಅವನು ನಕ್ಕ. ರಜೆಗೆ ಬರುವಾಗ ಕೊಯ್ಲಿನ ಸಮಯವಾಗಿರುತ್ತದೆ. ಬಂದ ದಿನ ಅವನ ಹತ್ತಿರ ರಸ್ತೆಯ ಮಾತು ತೆಗೆಯುವುದಿಲ್ಲ ಎಂದು ಉಮ್ಮನಿಗೆ ಮಾತು ಕೊಟ್ಟಿದ್ದೇನೆ. ಅವನಿಗೆ ಹೊಸ ಅಕ್ಕಿಯ ಪತ್ತಿರ್ ಮಾಡಿ ಬಡಿಸಬೇಕೆಂದು ಉಮ್ಮ ಈಗಲೇ ದಿನ ಎಣಿಸುತ್ತಿದ್ದಾರೆ.